ಪರದೇಶಿಯ ಜೊತೆ ಹೋದ ಹುಸೇನ್‌ಸಾಬ್

ಹುಸೇನ್‌ಸಾಬರ ಬಲಗೈಯ ಹಿಂಭಾಗ ಮಿರಮಿರ ಹೊಳೆಯುತ್ತಿತ್ತು. ಅಲ್ಲಿ ಒಂದು ಕೂದಲೂ ಇರಲಿಲ್ಲ. ಸುಟ್ಟು, ಮಾಗಿ, ಮತ್ತೆ ಸುಟ್ಟು ಚರ್ಮ ತೊಗಲಿನ ಚೀಲದಂತಾಗಿತ್ತು. ಕಾದ ಕಬ್ಬಿಣ ಎಷ್ಟು ಕಾದಿದೆ ಎಂದು ನೋಡಲು ಅವರು ಮುಟ್ಟುತ್ತಿದ್ದುದು ಆ ಭಾಗದಿಂದ. ಯಾರಾದರೂ ಕೇಳಿದರೆ, "ಅಂಗೈ ಸುಟ್ಕೊಂಡ್ರ ಉಣ್ಣೂದು ಹೆಂಗ್ರಿ? ಹಿಂದಿಂದು ಹೋದ್ರ ಹೋಗಲಿ" ಎಂದು ನಗುತ್ತಿದ್ದರು. ನಗುವಾಗಲೂ ಕಣ್ಣು ಮಾತ್ರ ಬೇರೆಲ್ಲೋ ಇರುತ್ತಿತ್ತು. ಹತ್ತಿರದಲ್ಲಿ ಎಲ್ಲಾದರೂ ಬ್ರೇಕು ಬಿಟ್ಟ ಸಪ್ಪಳವಾಗುತ್ತದೆಯೇ ಎಂದು ಕಾಯುತ್ತಿರುವವರ ಹಾಗೆ.

ನಾನು ಹಿರೇಕೊಟ್ನೆಕಲ್ಲಿನಿಂದ ಬಂದು ರಾಯಚೂರಿನ ಎಂಜಿನ್ ಶೆಡ್ಡಿನಲ್ಲಿ ಫಿಟರಾಗಿ ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಆಗ ನಮ್ಮಲ್ಲಿ ಕಲ್ಲಿದ್ದಲಿನ ಎಂಜಿನ್ನುಗಳೇ ಹೆಚ್ಚು. ಒಂದು ಕಡೆಯ ರೈಲ್ವೆಯಲ್ಲಿ ಗೂಡ್ಸ್ ಎಂಜಿನ್ನು ಹೆಚ್ಚಾದರೆ ಅದನ್ನು ಕಡಿಮೆ ಇರುವ ಕಡೆಗೆ ಕಳುಹಿಸುತ್ತಿದ್ದರು. ಹಾಗೆ ಬರುವ ಎಂಜಿನ್ನು ತನ್ನ ಬೆಂಕಿಯ ಮೇಲೆ ತಾನು ಓಡಿ ಬರುತ್ತಿರಲಿಲ್ಲ. ಬೆಂಕಿ ಆರಿಸಿ, ನೀರು ಬಸಿದು, ಚಕ್ರಗಳನ್ನು ತಳ್ಳುವ ದಪ್ಪ ರಾಡುಗಳನ್ನು ಬಿಚ್ಚಿ ಅದರ ಬೆನ್ನಿಗೇ ಹೇರಿ, ಯಾವುದಾದರೂ ಗೂಡ್ಸ್ ಗಾಡಿಯ ನಡುವೆ ಒಂದು ಡಬ್ಬಿಯ ಹಾಗೆ ಕಟ್ಟಿ ಎಳೆದು ತರುತ್ತಿದ್ದರು. ಅದಕ್ಕೆ ನಾವು ಸತ್ತ ಎಂಜಿನ್ನು ಎನ್ನುತ್ತಿದ್ದೆವು. ಆ ಸತ್ತ ಎಂಜಿನ್ನಿನ ಜೊತೆ ಒಬ್ಬ ಜೀವಂತ ಮನುಷ್ಯ ಇರಲೇಬೇಕು. ನಮ್ಮ ಶೆಡ್ಡಿನಲ್ಲಿ ಆ ಮನುಷ್ಯ ಹುಸೇನ್‌ಸಾಬ್.

ಮಾನ್ವಿಯವರು. ಎತ್ತರದ, ತುಸು ಬಾಗಿದ ಮೈ. ಮನೆಯಲ್ಲಿ ದಖ್ಖನಿ, ಶೆಡ್ಡಿನಲ್ಲಿ ನಮ್ಮ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿದ್ದು. ಎಂಜಿನ್ನು ತರಲು ಹೊರಟರೆ ಒಂದು ಕಂಬಳಿ, ಒಂದು ಚಾದ ಕೆಟಲಿ, ಎಣ್ಣೆಯ ಡಬ್ಬಿ, ಹತ್ತಿ ಉಂಡೆಗಳ ಚೀಲ. ನೂರಾರು ಮೈಲಿ ಆ ತಣ್ಣನೆಯ ಕಬ್ಬಿಣದ ಗೂಡಿನಲ್ಲೇ ಕೂತು ಬರುತ್ತಿದ್ದರು. ಗಾಡಿ ನಿಂತ ಕಡೆಯಲ್ಲೆಲ್ಲ ಇಳಿದು ಚಕ್ರದ ಅಚ್ಚು ಕೂರುವ ಪೆಟ್ಟಿಗೆಗಳನ್ನು ಕೈಯಿಂದ ಮುಟ್ಟಿ ನೋಡುವುದು ಅವರ ಕೆಲಸ. ಎಣ್ಣೆ ಕಡಿಮೆಯಾದರೆ ಪೆಟ್ಟಿಗೆ ಕಾಯುತ್ತದೆ. ಕಾದದ್ದನ್ನು ಗಮನಿಸದೆ ಓಡಿಸಿದರೆ ಅಚ್ಚು ಮುರಿದು ಇಡೀ ಗಾಡಿ ಹಳಿಯಿಂದ ಆಚೆ ಬೀಳುತ್ತದೆ. ಕಲ್ಲಿದ್ದಲು, ನೀರು ಹೊರುವ ಹಿಂದಿನ ಟೆಂಡರಿನ ಪೆಟ್ಟಿಗೆಗಳು ಹೊರಗೇ ಕಾಣುತ್ತವೆ. ಎಂಜಿನ್ನಿನವು ಮಾತ್ರ ಚಕ್ರಗಳ ಒಳಮಗ್ಗುಲಿಗೆ. ಅವನ್ನು ಮುಟ್ಟಬೇಕೆಂದರೆ ಹಳಿಗಳ ನಡುವೆ ತೂರಿ ಎಂಜಿನ್ನಿನ ಹೊಟ್ಟೆಯ ಕೆಳಗೆ ಹೋಗಬೇಕು.

"ಸತ್ತ ಎಂಜಿನ್ನಿಗೆ ಕಣ್ಣಿಲ್ಲ, ಕಿವಿ ಇಲ್ಲ ಬಸಣ್ಣ. ಎಳಿಯಾವನಿಗೂ ಹಿಂದ ಯಾರ್ ಇದ್ದಾರ ಅಂಬೂದು ಗೊತ್ತಿರಂಗಿಲ್ಲ. ನಡುವ ನಾವು" ಎಂದು ನನಗೆ ಹೇಳುತ್ತಿದ್ದರು.

ಅವರ ಇನ್ನೊಂದು ಅಭ್ಯಾಸ ಶೆಡ್ಡಿಗೆಲ್ಲ ನಗೆಯ ವಿಷಯವಾಗಿತ್ತು. ಎಂಜಿನ್ನಿನ ಕೆಳಗಿನಿಂದ ಹೊರಗೆ ಬಂದ ಕೂಡಲೇ ಅವರು ದೊಡ್ಡ ದನಿಯಲ್ಲಿ, "ಹುಸೇನ್ ಹೊರಗ ಬಂದೀನೀ!" ಎಂದು ಕೂಗುತ್ತಿದ್ದರು. ಯಾರೂ ಕೇಳಿರದಿದ್ದರೂ ಕೂಗು ಮಾತ್ರ ತಪ್ಪುತ್ತಿರಲಿಲ್ಲ. ಅದು ಎಷ್ಟು ಮೈಗೆ ಹತ್ತಿತ್ತೆಂದರೆ, ಮಾನ್ವಿಯ ಕಟಿಂಗ್ ಅಂಗಡಿಯ ಕುರ್ಚಿಯಿಂದ ಎದ್ದು ಬಾಗಿಲು ದಾಟಿದರೂ ಬಾಯಿಂದ ಆ ಮಾತು ಬರುತ್ತಿತ್ತು. ಒಮ್ಮೆ ಸಂಬಂಧಿಕರ ಮದುವೆಯ ಊಟದ ಪರದೆಯಿಂದ ಆಚೆ ಬರುತ್ತ ಹಾಗೆ ಕೂಗಿದ್ದಕ್ಕೆ ಬೀಗರೆಲ್ಲ ಗಾಬರಿಯಾಗಿದ್ದರಂತೆ. ಹೆಂಡತಿ ಜೈನಬಿ ಇದನ್ನು ನನಗೆ ನಗುತ್ತ ಹೇಳಿದ್ದರು. ಹೇಳಿ ಮುಗಿಸಿದ ಮೇಲೆ, "ನಿದ್ದಿಯಾಗೂ ಹಂಗಾ ಒದರ್ತಾರ. ಅವಾಗ ನನಗ ನಗಿ ಬರಂಗಿಲ್ಲ" ಎಂದರು.

ನಾನು ಅವರ ಜೊತೆಗಾರನಾಗಿ ಮೊದಲ ಸಲ ಹೋದದ್ದು ಗಣಿಗಳಿರುವ ಸೀಮೆಗೆ. ಹೊರಡುವ ಮೊದಲು ಅವರು ನನ್ನನ್ನು ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು.

"ನಾ ಕೆಳಗ ಹೋಗೂ ಮುಂಚೆ ನೀ ಮುಂದಿನ ಎಂಜಿನ್ ಹತ್ತಬೇಕು. ಡ್ರೈವರ್‌ನ ಮಗ್ಗಲಕ್ಕ ನಿಂದ್ರಬೇಕು. ನಾ ಹೊರಗ ಬಂದು ಒದರಾತನಕ ಗಾಡಿ ಬಿಡಾಕ ಕೊಡಬ್ಯಾಡ. ಸಿಗ್ನಲ್ ಬೀಳಲಿ, ಸ್ಟೇಷನ್ ಮಾಸ್ತರ ಬರಲಿ, ಬಿಡಬ್ಯಾಡ. ನನ್ನ ನೋಡಾಕ ಅಂತನೂ ಕೆಳಗ ಇಳೀಬ್ಯಾಡ. ತಿಳೀತಾ?"

"ತಿಳೀತ್ರಿ."

"ಹಂಗಲ್ಲ. ನೀ ಬಾಯಿಲೆ ಅನ್ನು, ಬಿಡಂಗಿಲ್ಲ ಅಂತ."

"ಬಿಡಂಗಿಲ್ರಿ" ಎಂದೆ. ಆಮೇಲೇ ಅವರು ಚೀಲ ಎತ್ತಿಕೊಂಡದ್ದು.

ವಾಪಸು ಬರುವಾಗ ಒಂದು ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಅವರು ಹೇಳಿದಂತೆ ನಾನು ಮುಂದಿನ ಎಂಜಿನ್ನು ಹತ್ತಿ ನಿಂತೆ. ಆ ಡ್ರೈವರು ಹರಟೆಯ ಮನುಷ್ಯ. ನನ್ನ ಕಾವಲು ನೋಡಿ ಅವನಿಗೆ ತಮಾಷೆ ಎನಿಸಿತು. ಗಾಡಿ ಬಿಡುವುದಿಲ್ಲ ಎಂದು ನನಗೆ ಕಣ್ಣು ಮಿಟುಕಿಸಿ, ಕೆಳಗಿದ್ದವರನ್ನು ಸುಮ್ಮನೆ ಹೆದರಿಸಲು ಉದ್ದಕ್ಕೆ ಒಂದು ಸೀಟಿ ಹೊಡೆದ. ಚಕ್ರ ಒಂದಂಗುಲವೂ ಕದಲಲಿಲ್ಲ.

ಸ್ವಲ್ಪ ಹೊತ್ತಿಗೆ ಹುಸೇನ್‌ಸಾಬ್ ಹೊರಗೆ ಬಂದರು. ಆದರೆ ಕೂಗಲಿಲ್ಲ. ಹಳಿಯ ಪಕ್ಕದ ಜಲ್ಲಿಯ ಮೇಲೆ ಕೂತು, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದರು. ನಾನು ಓಡಿಹೋದಾಗ ಅವರ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಡ್ರೈವರೂ ಹಿಂದೆಯೇ ಬಂದ. "ತಪ್ಪಾತ್ರಿ ಸಾಹೇಬ್ರ" ಎಂದು ಕೈ ಹಿಡಿದ. ಅವರು ಬೈಯಲಿಲ್ಲ. ನೀರು ಕುಡಿದು ಮತ್ತೆ ಗೂಡು ಹತ್ತಿದರು.

ಗಾಡಿ ಹೊರಟ ಮೇಲೆ ನಾನು ಕೇಳಿದೆ. "ಯಾಕ್ರಿ ಇಷ್ಟ್ ಅಂಜಿಕಿ? ನಾ ಅಲ್ಲೇ ಇದ್ನೆಲ್ರಿ."

ಅವರು ಎಣ್ಣೆಯ ಡಬ್ಬಿಯ ಮುಚ್ಚಳ ಬಿಗಿದು ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು.

"ನಾಗಪ್ಪ ಅಂತ ಒಬ್ಬಾವ ನನ್ನ ಜೋಡಿ ಇದ್ದ. ಮಸರಕಲ್ಲಿನಾವ, ದೇವದುರ್ಗ ತಾಲೂಕು. ನಮ್ಮ ಶೆಡ್ಡಿನ್ಯಾಗ ಪರದೇಶಿ ಅಂತ ಅದ ನೋಡು, ಆ ಎಂಜಿನ್ ತರಾಕ ನಾವಿಬ್ರೂ ಹೋಗಿದ್ವಿ. ಅದರ ಪೆಟ್ಟಿಗಿ ಬರಾಬರಿ ಇರಲಿಲ್ಲ. ನಿಂತಲ್ಲಿ ನಿಂತಲ್ಲಿ ಕಾಯಾಕತ್ತಿತ್ತು. ನಾ ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಮರುದಿನ ಮಧ್ಯಾಹ್ನ ಒಂದು ಕಡಿ ಗಾಡಿ ನಿಂತಿತ್ತು. ನನಗ ಜೋಂಪು ಹತ್ತಿತ್ತು. ಮಲಕ್ಕೊಳ್ಳಲಿ ಸಾಬ, ಎಬ್ಬಿಸೂದು ಬ್ಯಾಡ ಅಂತ ಅಂವ ಒಬ್ಬನಾ ಕೆಳಗ ಹೋಗ್ಯಾನ."

ಎಣ್ಣೆ ಮೆತ್ತಿದ ಬಟ್ಟೆಯಿಂದ ಕೈ ಒರೆಸಿಕೊಂಡರು. ಕೈ ಆಗಲೇ ಸ್ವಚ್ಛವಿತ್ತು.

"ಗಾಡಿ ಜಗ್ಗಿತು. ಅದಕ್ಕ ನನಗ ಎಚ್ಚರಾತು. ನಾಗಪ್ಪಾ, ಚಾ ಕಾಸೂಣೇನಲೇ ಅಂತ ಕೇಳಿದೆ. ಎರಡು ಸಲ ಕೇಳಿದೆ ಬಸಣ್ಣ."

ಪಕ್ಕದಲ್ಲಿದ್ದ ಚಾದ ಕೆಟಲಿಯನ್ನು ಎತ್ತಿ ಚೀಲದೊಳಗಿಟ್ಟರು.

ಪರದೇಶಿ ಎಂಬ ಆ ಎಂಜಿನ್ನು ನಾನು ಕೆಲಸಕ್ಕೆ ಸೇರಿದಾಗ ನಮ್ಮ ಶೆಡ್ಡಿನಲ್ಲೇ ಇತ್ತು. ಬೇರೆ ಸೀಮೆಯಿಂದ ಬಂದದ್ದು, ನಮ್ಮ ಯಾವ ಬಿಡಿಭಾಗವೂ ಅದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಹೊರಗಿನಿಂದ ಬಂದ ಎಂಜಿನ್ನನ್ನು ನಮ್ಮ ಲೈನಿಗೆ ಒಗ್ಗಿಸುವುದೂ ನಮ್ಮ ಕೆಲಸವೇ. ಅಲ್ಲಿನ ಕಲ್ಲಿದ್ದಲು ಗಟ್ಟಿ, ನಮಗೆ ಬರುತ್ತಿದ್ದುದು ಪುಡಿ. ಹಾಗಾಗಿ ಬೆಂಕಿಗೂಡಿನ ತಳದ ಸರಳುಗಳನ್ನು ತೆಗೆದು ಒತ್ತಾಗಿ ಕೂರುವ ಬೇರೆ ಸರಳು ಹಾಕಬೇಕು. ರಾಯಚೂರಿನಲ್ಲಿ ಹೇರುತ್ತಿದ್ದುದೆಲ್ಲ ಹತ್ತಿಯ ಮೂಟೆ. ಹೊಗೆಯ ಜೊತೆ ಒಂದು ಕಿಡಿ ಹಾರಿದರೆ ಡಬ್ಬಿಗೆ ಡಬ್ಬಿಯೇ ಭಸ್ಮ. ಅದಕ್ಕೆ ಹೊಗೆಪೆಟ್ಟಿಗೆಯೊಳಗೆ ಸಣ್ಣ ಕಣ್ಣಿನ ಜಾಲರಿ ಕೂರಿಸುತ್ತಿದ್ದೆವು. ನಮ್ಮ ಗಡಸು ನೀರಿಗೆ ಕೊಳವೆಗಳೆಲ್ಲ ಬೇಗ ಗಂಟು ಕಟ್ಟುತ್ತಿದ್ದವು, ಅದನ್ನು ಕೆರೆಯುವುದು ಬೇರೆ. ಕೊನೆಗೆ ಹಳೆಯ ರೈಲ್ವೆಯ ಅಕ್ಷರ ಅಳಿಸಿ ನಮ್ಮದನ್ನು ಬರೆದರೆ ಅದು ನಮ್ಮ ಎಂಜಿನ್ನಾಯಿತು. ಪರದೇಶಿಗೂ ಇಷ್ಟೂ ಆಗಿತ್ತು. ಮೇಲೆ ಕಪ್ಪು ಬಣ್ಣ ಬಳಿದು ಹೊಸದರಂತೆಯೂ ಆಗಿತ್ತು. ಆದರೂ ಅದರ ಪೆಟ್ಟಿಗೆಯೊಂದು ಆಗಾಗ ಕಾಯುತ್ತಲೇ ಇತ್ತು. ಬದಲಾಯಿಸಿದರೂ ಕಾಯುತ್ತಿತ್ತು. ಹುಸೇನ್‌ಸಾಬ್ ಶೆಡ್ಡಿನೊಳಗೆ ಆ ಎಂಜಿನ್ನು ನಿಂತಿದ್ದರೆ ಸುತ್ತು ಹಾಕಿಕೊಂಡು ಆಚೆಯಿಂದ ಹೋಗುತ್ತಿದ್ದರು.

ಅಲ್ಲಿ ಸುತ್ತು ಹಾಕುವವರು ಇನ್ನೊಬ್ಬರಿದ್ದರು. ನಾಗಪ್ಪನ ಹೆಂಡತಿ ಶರಣಮ್ಮ. ಗಂಡ ಹೋದ ಮೇಲೆ ಅವನ ಬದಲಿಗೆ ಅವರಿಗೆ ಶೆಡ್ಡಿನಲ್ಲೇ ಕೆಲಸ ಸಿಕ್ಕಿತ್ತು. ಎಂಜಿನ್ನುಗಳು ಉದುರಿಸಿದ ಬೂದಿ ಎತ್ತುವುದು, ಅದರಲ್ಲಿ ಅರೆಸುಟ್ಟ ಕಲ್ಲಿದ್ದಲು ಆರಿಸುವುದು. ಮಸರಕಲ್ಲಿನ ಕುರಿ ಕಾಯುವ ಮನೆತನದ ಗಟ್ಟಿ ಹೆಂಗಸು. ಎಲ್ಲರ ಜೊತೆ ಜೋರಾಗಿ ಮಾತಾಡುತ್ತಿದ್ದರು, ಬೈಯುತ್ತಿದ್ದರು, ನಗುತ್ತಿದ್ದರು. ಹುಸೇನ್‌ಸಾಬರ ಜೊತೆ ಮಾತ್ರ ಒಂದು ಮಾತೂ ಇಲ್ಲ. ಗಂಡನ ಹೆಣ ಊರಿಗೆ ಬಂದ ದಿನ ಅವರು ಹುಸೇನ್‌ಸಾಬರಿಗೆ, "ನಿನಗ ನಿದ್ದಿ ಬಂದಿತ್ತೇನಣ್ಣಾ?" ಎಂದು ಕೇಳಿದ್ದರಂತೆ. ಹೌದು ಎಂದಿದ್ದರು ಇವರು. ಅಲ್ಲಿಗೆ ಮುಗಿಯಿತು.

ಹುಸೇನ್‌ಸಾಬ್ ಮಾತ್ರ ಪ್ರತಿಸಲ ಎಂಜಿನ್ನು ತಂದು ಒಪ್ಪಿಸಿದ ಮೇಲೆ ಬೂದಿಯ ಗುಂಡಿಯ ಹತ್ತಿರ ಹೋಗಿ ತುಸು ದೂರದಲ್ಲಿ ನಿಲ್ಲುತ್ತಿದ್ದರು. "ಬಂದೀನಿ ತಂಗಿ. ಇಬ್ರೂ ಬಂದೀವಿ" ಎನ್ನುತ್ತಿದ್ದರು. ತಾವು ಮತ್ತು ತಮ್ಮ ಜೊತೆಗಾರ ಎಂದು. ಶರಣಮ್ಮ ತಲೆ ಎತ್ತುತ್ತಿರಲಿಲ್ಲ. ಸಲಿಕೆಯ ಸಪ್ಪಳ ಮಾತ್ರ ಒಂದು ಕ್ಷಣ ನಿಲ್ಲುತ್ತಿತ್ತು. ಅಷ್ಟು ಸಾಕೆಂಬಂತೆ ಅವರು ಹೊರಟುಬಿಡುತ್ತಿದ್ದರು. ವರ್ಷಗಟ್ಟಲೆ ಇದನ್ನು ನೋಡಿದ್ದೇನೆ.

ಎಂಬತ್ತರ ದಶಕದಲ್ಲಿ ಡೀಸೆಲ್ಲುಗಳು ಬಂದವು. ನಮ್ಮ ಶೆಡ್ಡಿನ ಬೆಂಕಿಗಳು ಒಂದೊಂದಾಗಿ ಆರತೊಡಗಿದವು. ಕಲ್ಲಿದ್ದಲಿನ ಎಂಜಿನ್ನುಗಳು ಇನ್ನೂ ಬೇಕಿದ್ದ ಕಡೆಗಳಿಗೆ ನಮ್ಮವನ್ನು ಕಳುಹಿಸುವ ಕೆಲಸ ಶುರುವಾಯಿತು. ತಂದಾಗ ಮಾಡಿದ್ದನ್ನೆಲ್ಲ ಈಗ ತಿರುಗಿ ಬಿಚ್ಚಬೇಕು. ಒತ್ತು ಸರಳು ತೆಗೆದು ಅಗಲದವು, ಸಣ್ಣ ಜಾಲರಿ ತೆಗೆದು ದೊಡ್ಡದು. ಅಕ್ಷರ ಅಳಿಸಿದ ಜಾಗದಲ್ಲಿ ಅದರಡಿಯ ಹಳೆಯ ಅಕ್ಷರ ಮಸುಕಾಗಿ ಕಾಣುತ್ತಿತ್ತು. ಒಂದು ದಿನ ಪರದೇಶಿಯ ಸರದಿ ಬಂತು. ಹುಸೇನ್‌ಸಾಬರ ನಿವೃತ್ತಿ ಹತ್ತಿರವಿತ್ತು. ಬೇರೆಯವರನ್ನು ಕಳಿಸೋಣ ಎಂದು ನಮ್ಮ ಮೇಲ್ವಿಚಾರಕರಾದ ಚಾರ್ಜ್‌ಮನ್ನರೇ ಹೇಳಿದರು. ಇವರು ಒಪ್ಪಲಿಲ್ಲ.

"ಅದರ ಪೆಟ್ಟಿಗಿ ಕಾಯೂದು ನನಗ ಗೊತ್ತದ. ಹೊಸಬರನ್ನ ಅದರ ಕೆಳಗ ಕಳಸಬ್ಯಾಡ್ರಿ" ಎಂದರು.

ಹೊರಡುವ ದಿನ ಬೆಳಿಗ್ಗೆ ನಾನೂ ಅವರೂ ರಾಡುಗಳನ್ನು ಹೇರಿಸಿ ಹಗ್ಗ ಬಿಗಿಯುತ್ತಿದ್ದೆವು. ಬೂದಿಯ ಗುಂಡಿಯ ಕಡೆಯಿಂದ ಶರಣಮ್ಮ ನಡೆದು ಬಂದರು. ಪರದೇಶಿಯ ಹತ್ತಿರಕ್ಕೆ ಅವರು ಬಂದದ್ದನ್ನು ಅದೇ ಮೊದಲು ನಾನು ನೋಡಿದ್ದು. ಕೈಯಲ್ಲಿ ಸಲಿಕೆ ಹಾಗೇ ಇತ್ತು. ಹುಸೇನ್‌ಸಾಬರ ಮುಂದೆ ನಿಂತರು.

"ಇದರ ಕೂಡ ನೀ ಹೋಗಬ್ಯಾಡಣ್ಣಾ."

ಹುಸೇನ್‌ಸಾಬರ ಕೈಯಿಂದ ಹಗ್ಗ ಜಾರಿತು. ಎಷ್ಟೋ ವರ್ಷಗಳ ಮೇಲೆ ಬಂದ ಮಾತು ಅದು. ಬಾಗಿ ಹಗ್ಗ ಎತ್ತಿಕೊಂಡು, "ತಂದಾವ ನಾನು ತಂಗಿ. ಒಯ್ಯಾವನೂ ನಾನಾ ಆಗಬೇಕು" ಎಂದರು.

"ತರಾಕ ಹೋದವರು ಇಬ್ರು" ಎಂದರು ಶರಣಮ್ಮ. ಆಮೇಲೆ ನನ್ನ ಕಡೆ ತಿರುಗಿ ನೋಡಿದರು. "ಈಗೂ ಇಬ್ರು ಹೊಂಟೀರಿ."

ನನಗೆ ನನ್ನ ಹೆಂಡತಿಯ ಮುಖ ನೆನಪಾಯಿತು. ಹುಸೇನ್‌ಸಾಬ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಇಂವ ಕೆಳಗ ಹೋಗಂಗಿಲ್ಲವ್ವಾ. ಇಂವ ಮ್ಯಾಲ ನಿಂದ್ರಾವ" ಎಂದರು. ಶರಣಮ್ಮ ಸಲಿಕೆ ಹೆಗಲಿಗೇರಿಸಿ ಬೂದಿಯ ಗುಂಡಿಯ ಕಡೆ ಹೋದರು.

ರಾಯಚೂರು ಬಿಟ್ಟು, ತುಂಗಭದ್ರೆಯ ಸೇತುವೆ ದಾಟಿ, ತೆಲುಗು ಸೀಮೆಗೆ ಹೋದೆವು. ಮೊದಲ ದಿನ ಏನೂ ಆಗಲಿಲ್ಲ. ಪರದೇಶಿ ಸುಮ್ಮನೆ ಉರುಳುತ್ತಿತ್ತು. ಹುಸೇನ್‌ಸಾಬರಿಗೆ ಆ ಸುಮ್ಮನಿರುವುದೇ ಸರಿಬರಲಿಲ್ಲ. "ಇದು ಇಷ್ಟ್ ಸಾದಾ ಎಂಜಿನ್ ಅಲ್ಲ" ಎಂದು ಒಂದೆರಡು ಸಲ ಅಂದರು. ಎದೆಯ ಎಡಭಾಗ ಉಜ್ಜಿಕೊಳ್ಳುತ್ತಿದ್ದರು. ಏನಾಯಿತೆಂದು ಕೇಳಿದರೆ, "ರೊಟ್ಟಿ ಸಿಕ್ಕೊಂಡದ" ಎಂದರು.

ಮರುದಿನ ಮಧ್ಯಾಹ್ನ, ಸುತ್ತ ಕಡಲೆಕಾಯಿಯ ಹೊಲಗಳಿದ್ದ ಒಂದು ಸ್ಟೇಷನ್ನಿನಲ್ಲಿ ನಮ್ಮ ಗಾಡಿಯನ್ನು ಪಕ್ಕದ ಹಳಿಗೆ ಹಾಕಿ ನಿಲ್ಲಿಸಿದರು. ಇಳಿಯುವ ಮೊದಲೇ ಸುಟ್ಟ ಎಣ್ಣೆಯ ವಾಸನೆ ಬಂತು. ಹುಸೇನ್‌ಸಾಬ್ ನನ್ನ ಮುಖ ನೋಡಿದರು.

"ಕಾದದ. ಹೋಗು, ಹತ್ತು."

ನಾನು ಮುಂದಿನ ಡೀಸೆಲ್ ಎಂಜಿನ್ನಿಗೆ ಹೋಗಿ ಹತ್ತಿದೆ. ಡ್ರೈವರು ತೆಲುಗಿನವನು, ವಯಸ್ಸಾದವನು. ಕೆಳಗೆ ಮನುಷ್ಯ ಇದ್ದಾನೆ ಎಂದು ಹೇಳಿದೆ. "ಸರೇ ಸರೇ" ಎಂದ. ಹಳಿ ಅಲ್ಲಿ ಸ್ವಲ್ಪ ಬಾಗಿದ್ದರಿಂದ ಹಿಂದೆ ಪರದೇಶಿ ಕಾಣುತ್ತಿತ್ತು. ಹುಸೇನ್‌ಸಾಬ್ ಎಣ್ಣೆಯ ಡಬ್ಬಿ ಹಿಡಿದು ಒಮ್ಮೆ ನನ್ನತ್ತ ಕೈ ಎತ್ತಿ, ಬಾಗಿ, ಕೆಳಗೆ ಹೋದರು.

ಬಿಸಿಲು ಕಬ್ಬಿಣದ ಮೇಲೆ ಕುಣಿಯುತ್ತಿತ್ತು. ನಾನು ಕಿವಿಗೊಟ್ಟು ನಿಂತಿದ್ದೆ. ಸಾಮಾನ್ಯವಾಗಿ ಆಗುವಷ್ಟು ಹೊತ್ತು ಆಯಿತು. ಅದಕ್ಕಿಂತ ಹೆಚ್ಚೂ ಆಯಿತು. ಕೂಗು ಬರಲಿಲ್ಲ. ಅಷ್ಟರಲ್ಲಿ ಗಾಡಿ ಹೊರಡಲು ಸಿಗ್ನಲ್ ಬಿತ್ತು.

ಡ್ರೈವರು ನನ್ನನ್ನು ನೋಡಿದ. "ಏಮಯ್ಯಾ, ಆಯ್ತಾ?"

"ಇಲ್ರಿ. ಒದರಿಲ್ಲ ಇನ್ನ."

ಅವನು ಕಾದ. ಸ್ಟೇಷನ್ ಮಾಸ್ತರು ಹಸಿರು ಬಾವುಟ ಬೀಸಿದರು, ಮತ್ತೆ ಬೀಸಿದರು, ಕೊನೆಗೆ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು ಬಂದರು. ಹಿಂದೆ ಮೇಲ್ ಗಾಡಿ ಬರುತ್ತಿದೆ, ಅದಕ್ಕಿಂತ ಮೊದಲು ಮುಂದಿನ ಸ್ಟೇಷನ್ನು ಮುಟ್ಟಬೇಕು, ಯಾಕೆ ನಿಂತಿದ್ದೀರಿ ಎಂದು ಕೂಗಿದರು. ಡ್ರೈವರಿಗೆ ಮುಜುಗರವಾಯಿತು. "ಹೊರಗೆ ಬಂದು ಗೂಡು ಹತ್ತಿರಬೇಕಯ್ಯಾ, ಮರೆತಿರಬೇಕು" ಎಂದು ಗಾಡಿ ಬಿಡುವ ಹಿಡಿಕೆಗೆ ಕೈ ಚಾಚಿದ. ನಾನು ಆ ಕೈ ಹಿಡಿದುಕೊಂಡೆ.

"ಅವರು ಮರಿಯಾಂಗಿಲ್ರಿ. ಬಿಡಂಗಿಲ್ಲ. ಕೆಳಗ ಮನಷ್ಯಾ ಇದ್ದಾನ್ರಿ."

ಸ್ಟೇಷನ್ ಮಾಸ್ತರು ಬೈಯುತ್ತಲೇ ಇದ್ದರು. ನಾನು ಇಳಿದು ಓಡಬಹುದಿತ್ತು, ಕಾಲು ಅದಕ್ಕೇ ತುಡಿಯುತ್ತಿತ್ತು. ಆದರೆ ಇಳಿಯಬಾರದೆಂದು ಹುಸೇನ್‌ಸಾಬರೇ ಹೇಳಿದ್ದರು. ಗಾರ್ಡನ್ನು ಕಳುಹಿಸಿ ನೋಡಿಸಿರಿ ಎಂದು ಮಾಸ್ತರಿಗೆ ಕೂಗಿ ಹೇಳಿದೆ. ಅವರು ಹಿಂದಕ್ಕೆ ಸನ್ನೆ ಮಾಡಿದರು. ಗಾಡಿಯ ಕೊನೆಯಿಂದ ಬಿಳಿ ಬಟ್ಟೆಯ ಗಾರ್ಡು ಇಳಿದು ಡಬ್ಬಿಗಳ ಪಕ್ಕದಲ್ಲಿ ನಡೆದು ಬರುವುದು ಕಂಡಿತು. ಪರದೇಶಿಯ ಹತ್ತಿರ ಬಂದು ಬಾಗಿದ. ಬಾಗಿದವನು ಹಾಗೇ ಇದ್ದ. ಆಮೇಲೆ ನಿಧಾನವಾಗಿ ನೆಟ್ಟಗಾಗಿ ತಲೆಯ ಮೇಲಿನ ಟೊಪ್ಪಿಗೆ ತೆಗೆದ.

ಡ್ರೈವರು ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡ. ಎಂಜಿನ್ನು ಬಂದ್ ಮಾಡಿ, ಹಿಡಿಕೆಯನ್ನೇ ಕಳಚಿ ನನ್ನ ಅಂಗೈಯಲ್ಲಿಟ್ಟ. "ಈಗ ಹೋಗು. ಇದಿಲ್ಲದೆ ಗಾಡಿ ಕದಲಲ್ಲ" ಎಂದ.

ಹುಸೇನ್‌ಸಾಬ್ ಹಳಿಗಳ ನಡುವೆ, ಚಕ್ರಕ್ಕೆ ಬೆನ್ನು ಆನಿಸಿ ಕೂತಿದ್ದರು. ಎಣ್ಣೆಯ ಡಬ್ಬಿ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು. ಪೆಟ್ಟಿಗೆಗೆ ಹತ್ತಿ ತುಂಬಿ, ಎಣ್ಣೆ ಹೊಯ್ದು, ಮುಚ್ಚಳ ಹಾಕಿ ಆಗಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ. ಎದೆ ನಿಂತುಹೋಗಿದೆ ಎಂದು ಊರಿನ ಡಾಕ್ಟರು ಆಮೇಲೆ ಹೇಳಿದರು. ನಾನು, ಡ್ರೈವರು, ಗಾರ್ಡು ಸೇರಿ ಅವರನ್ನು ಹೊರಗೆ ತೆಗೆದೆವು. ಬೈಯುತ್ತಿದ್ದ ಸ್ಟೇಷನ್ ಮಾಸ್ತರೇ ತಮ್ಮ ಕೋಣೆಯ ಬೆಂಚು ಹೊರಿಸಿಕೊಂಡು ಬಂದರು. ಪರದೇಶಿಯನ್ನು ಗಾಡಿಯಿಂದ ಬಿಡಿಸಿ ಅಲ್ಲೇ ಒಂದು ಮೂಲೆಯ ಹಳಿಯಲ್ಲಿ ನಿಲ್ಲಿಸಿದರು. ಮುಂದೆ ಅದನ್ನು ಯಾರು ಒಯ್ದರೋ ನಾನು ವಿಚಾರಿಸಲಿಲ್ಲ.

ಮಾನ್ವಿಯಲ್ಲಿ ಮಣ್ಣು ಮುಗಿಸಿ ನಾವು ಗಂಡಸರು ಹುಸೇನ್‌ಸಾಬರ ಮನೆಗೆ ಮರಳಿದಾಗ ಓಣಿಯ ತುದಿಯಲ್ಲಿ ಶರಣಮ್ಮ ನಿಂತಿದ್ದರು. ರಜೆಯ ಮೇಲೆ ಊರಿಗೆ ಹೋದವರು ಸುದ್ದಿ ತಿಳಿದು ದೇವದುರ್ಗದ ಬಸ್ಸಿನಿಂದ ಇಳಿದು ಬಂದಿದ್ದರು. ಒಳಗೆ ಹೋಗಿರಲಿಲ್ಲ. ನನ್ನನ್ನು ಕಂಡು ಹತ್ತಿರ ಬಂದರು.

"ಸಿಗ್ನಲ್ ಬಿದ್ದಿತ್ತೇನಪ್ಪಾ?"

"ಬಿದ್ದಿತ್ರಿ ಯವ್ವಾ."

"ಡ್ರೈವರ್ ಅವಸರ ಮಾಡಿದ್ನಾ?"

"ಮಾಡಿದ್ರಿ. ಮಾಸ್ತರನೂ ಒದರಿದ."

"ಆದ್ರೂ ಬಿಡಲಿಲ್ಲ."

"ಬಿಡಲಿಲ್ರಿ. ಅವರನ್ನ ಹೊರಗ ತರಾತನಕ ಬಿಡಲಿಲ್ಲ."

ಸಿಗ್ನಲ್ ಬಿದ್ದ ಮೇಲೆ ಗಾಡಿಯನ್ನು ಯಾರೂ ಹಿಡಿದು ನಿಲ್ಲಿಸಲಾರರು ಎಂದು ಶರಣಮ್ಮ ಇಷ್ಟು ವರ್ಷ ನಂಬಿಕೊಂಡು ಬಂದದ್ದು ಆ ಮುಖದಲ್ಲಿ ಸಡಿಲಾಯಿತು. ಅದರಿಂದ ಅವರಿಗೆ ಸಮಾಧಾನವಾಯಿತೋ ಇನ್ನೂ ಹೆಚ್ಚಿನ ಸಂಕಟವಾಯಿತೋ ನನಗೆ ಇಂದಿಗೂ ತಿಳಿದಿಲ್ಲ.

"ಹಂಗಾದ್ರ ಗಾಡಿ ನಿಂದರ್ತದ" ಎಂದರು ತಮ್ಮಷ್ಟಕ್ಕೆ. "ಯಾರರ ಹಿಡದು ನಿಂತ್ರ ನಿಂದರ್ತದ."

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋಗಿ, ಜೈನಬಿಯವರ ಮಗ್ಗುಲಲ್ಲಿ ಕೂತು, ಆಗ ಗಟ್ಟಿಯಾಗಿ ಅತ್ತರು.